ಅವರ ಕೆಲ್ಸ ನಾನು ನೋಡಲ್ಲ ಸಾ

"ರೀ, ಸ್ವಲ್ಪ ಆ ಕಡೆ ಹೋಗ್ತೀರಾ?"

ಶಿವರಂಜನಿ ವಿಮಾನದ ಬಾಲದ ಕೆಳಗಿಂದ ತಲೆ ಹೊರಗೆ ಹಾಕಿದಳು. ಎದುರಿಗೆ ಒಬ್ಬ ಯುವಕ ನಿಂತಿದ್ದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ!

"ನಾನಿಲ್ಲಿ ಕೆಲಸ ಮಾಡ್ತಿದ್ದೀನಿ..."

"ಮುಗೀತು ಅಂತ ಹೇಳಿದ್ರಂತಲ್ಲ, ಅದಕ್ಕೇ ಬಂದೆ. ನಾನು ಬಸವೇಶ. ನಿಮ್ಮ ಕೆಲ್ಸ ಚೆಕ್ ಮಾಡ್ಬೇಕು."

"ಸರಿಯಾಗೇ ಇದೆ. ನಾನೇ ನೋಡಿದ್ದೀನಿ."

"ನೀವು ನೋಡಿದ್ದು ಲೆಕ್ಕಕ್ಕಿಲ್ಲ ಕಣ್ರೀ. ದೂರ ನಿಂತ್ಕೊಳ್ಳಿ. ನಾನು ನೋಡೋ ತಂಕ ಒಂದು ಮಾತೂ ಆಡ್ಬೇಡಿ."

ಅಬ್ಬಬ್ಬಾ, ಏನು ದರ್ಪ! ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥವನ ಕೈಗೆ ಸಿಕ್ಕಿಬಿದ್ದೆನಲ್ಲ ಎಂದು ಶಿವರಂಜನಿ ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿದಳು.

ಅವನು ಬಾಲದೊಳಗೆ ಕನ್ನಡಿ ತೂರಿಸಿದ. ಅವಳು ಜೋಡಿಸಿದ್ದ ಕೇಬಲ್ಲನ್ನು ಎಳೆದ, ಬೆರಳಿನಿಂದ ಸವರಿದ, ಮತ್ತೆ ಎಳೆದ. ಕೊನೆಗೆ ಇಕ್ಕಳ ತೆಗೆದು, ತಿರುಪು ಸಡಿಲವಾಗದಿರಲಿ ಎಂದು ಅವಳು ಅಷ್ಟು ಅಂದವಾಗಿ ಸುತ್ತಿದ್ದ ತೆಳು ತಂತಿಯನ್ನು ಕಟಕ್ಕನೆ ಕತ್ತರಿಸಿಯೇಬಿಟ್ಟ!

"ಅಯ್ಯೋ!"

"ಉಲ್ಟಾ ಸುತ್ತಿದ್ದೀರ. ವಿಮಾನ ಅದುರೋವಾಗ ಈ ತಂತಿ ತಿರುಪನ್ನ ಬಿಗಿ ಮಾಡೋ ಕಡೆಗೆ ಎಳೀಬೇಕು. ಮತ್ತೆ ಸುತ್ತಿ, ಮತ್ತೆ ಬತ್ತೀನಿ."

"ನನ್ನ ಮೇಲೆ ಯಾಕ್ರೀ ಇಷ್ಟು ಅನುಮಾನ ನಿಮಗೆ?"

"ಅನುಮಾನ ಪಡಾಕೇ ನಂಗೆ ಸಂಬಳ ಕೊಡೋದು," ಎಂದು ಹೇಳಿ ಹೊರಟೇಹೋದ ಮಹಾರಾಯ.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಪೈಲಟ್ ಆಗಲು ಬರುವ ಹುಡುಗ ಹುಡುಗಿಯರಿಗೆ ಹಾರಲು ಕಲಿಸುವ ಶಾಲೆ ಅದು. ಪುಟ್ಟ ಪುಟ್ಟ ವಿಮಾನಗಳು. ಅವನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಮತ್ತೆ ಜೋಡಿಸುವ ತಗಡಿನ ಹ್ಯಾಂಗರಿನಲ್ಲಿ ಶಿವರಂಜನಿಗೆ ಮೆಕ್ಯಾನಿಕ್ ಕೆಲಸ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ವಿಮಾನವನ್ನು ಏರಿಸಿ, ಇಳಿಸಿ, ತಿರುಗಿಸುವ ಭಾಗಗಳಿಗೆ ಯಾರು ಕೈ ಹಾಕಿದರೂ, ಅದನ್ನು ಇನ್ನೊಬ್ಬರು ಬಂದು ತಪ್ಪು ಇದ್ದೇ ಇದೆ ಎನ್ನುವ ಹಾಗೆ ಪರೀಕ್ಷೆ ಮಾಡಬೇಕು. ಇಬ್ಬರೂ ಸಹಿ ಹಾಕಿದ ಮೇಲೇ ವಿಮಾನ ಹೊರಗೆ.

ಮುಖ್ಯ ಎಂಜಿನಿಯರ್ ನಟರಾಜು ಅವಳ ಊದಿಕೊಂಡ ಮುಖ ನೋಡಿ ನಕ್ಕಿದ್ದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಕಣಮ್ಮ. ಮಾಡಿದವರ ಕಣ್ಣಿಗೆ ಮಾಡಿದ್ದೆಲ್ಲ ಚೆನ್ನಾಗೇ ಕಾಣುತ್ತೆ. ಅದಕ್ಕೇ ಬೇರೆಯವರ ಕಣ್ಣು ಬೇಕು. ಬಸವೇಶನ ಕಣ್ಣಿಗಿಂತ ಒಳ್ಳೇ ಕಣ್ಣು ಈ ಹ್ಯಾಂಗರ್‌ನಲ್ಲಿಲ್ಲ."

ಒಳ್ಳೇ ಕಣ್ಣಂತೆ! ಹದ್ದಿನ ಕಣ್ಣು ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು.

ಆದರೆ ಮನಸ್ಸು ಎನ್ನುವುದು ನೋಡಿ, ಹೇಳಿದ ಮಾತು ಕೇಳುವ ಜಾತಿಯದಲ್ಲ.

ತಿಂಗಳುಗಳು ಕಳೆದಂತೆ ಅವನ ಇಕ್ಕಳ ಅವಳ ತಂತಿಯ ಮೇಲೆ ಬೀಳುವುದು ನಿಂತಿತು. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಅವನು ಕನ್ನಡಿ ಹಿಡಿದು ಬರುವುದನ್ನೇ ಕಾಯುವುದು ಅವಳಿಗೆ ಅಭ್ಯಾಸವಾಯಿತು. ಅವನು ಬಾಯಿ ಬಿಟ್ಟು ಹೊಗಳುತ್ತಿರಲಿಲ್ಲ. "ಹ್ಞೂಂ, ಐತೆ," ಎನ್ನುತ್ತಿದ್ದ ಅಷ್ಟೇ. ಆ 'ಐತೆ' ಕೇಳಿದ ದಿನ ಅವಳಿಗೆ ಊಟ ಎರಡು ತುತ್ತು ಜಾಸ್ತಿ ಹೋಗುತ್ತಿತ್ತು!

ಹ್ಯಾಂಗರಿನ ಹಿಂದಿನ ಕ್ಯಾಂಟೀನಿನಲ್ಲಿ ಮಲ್ಲಿಗಮ್ಮ ಅಕ್ಕಿ ರೊಟ್ಟಿ ತಟ್ಟುವ ಹೊತ್ತಿಗೆ ಅವನು ಹರದನಹಳ್ಳಿಯ ಮನೆಯಿಂದ ತಂದ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿಯನ್ನು ಮಾತಿಲ್ಲದೆ ಅವಳ ಕಡೆ ತಳ್ಳುತ್ತಿದ್ದ. ಸಂಜೆ ಅವಳು ಚನ್ನರಾಯಪಟ್ಟಣದ ಬಸ್ಸಿಗೆ ನಿಂತರೆ, ರಸ್ತೆಯ ಆಚೆ ಬೈಕ್ ನಿಲ್ಲಿಸಿಕೊಂಡು ಬಸ್ಸು ಬರುವ ತನಕ ಏನೋ ಕೆಲಸವಿದ್ದವನ ಹಾಗೆ ಕಾಯುತ್ತಿದ್ದ.

'ಇವನಿಗೆ ನಾನಂದ್ರೆ ಇಷ್ಟನಾ? ಅಥವಾ ಎಲ್ಲರಿಗೂ ಹೀಗೇ ಕಾಯ್ತಾನಾ?'

ಕೇಳಲು ನಾಚಿಕೆ. ಕೇಳದೇ ಇರಲು ಸಂಕಟ. ಈ ಸಿಹಿ ಸಂಕಟದಲ್ಲೇ ಅವಳ ಪ್ರೊಬೇಷನ್ನಿನ ಕೊನೆಯ ವಾರವೂ ಬಂತು. ಶನಿವಾರ ನಟರಾಜು ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲವೆಂದರೆ ಅಪ್ಪ ಚೆನ್ನಯ್ಯನ ಕೊಬ್ಬರಿ ಅಂಗಡಿಯ ಗಲ್ಲಾದ ಮುಂದೆ ಕೂರಬೇಕು.

ಮಂಗಳವಾರ ಬೆಳಿಗ್ಗೆ ಎಲ್ಲರೂ ಕೆಲಸ ಹಂಚಿಕೊಳ್ಳಲು ನಟರಾಜು ಸುತ್ತ ನಿಂತಿದ್ದರು. ಬಸವೇಶ ತಲೆ ತಗ್ಗಿಸಿಕೊಂಡು ಮುಂದೆ ಬಂದ.

"ಸಾ... ಇನ್ಮೇಲೆ ಶಿವರಂಜನಿಯವರ ಕೆಲ್ಸ ನಾನು ನೋಡಲ್ಲ ಸಾ. ಬೇರೆ ಯಾರಿಗಾದ್ರೂ ಹೇಳಿ."

ಎಲ್ಲರೂ ಅವಳ ಕಡೆ ತಿರುಗಿದರು!

"ಯಾಕಯ್ಯಾ?"

"ಕಾರಣ ಕೇಳ್ಬೇಡಿ ಸಾ. ಆಗಲ್ಲ."

ವಿಮಾನ ರಿಪೇರಿ ಮಾಡುವವರ ನಡುವೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಲ್ಲ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಇವಳ ಕೆಲಸಕ್ಕೆ ನನ್ನ ಸಹಿ ಹಾಕಲು ನನಗೆ ಭಯ ಎಂದ ಹಾಗೆ ಅದು!

ಶಿವರಂಜನಿ ಅವನನ್ನೇ ನೋಡಿದಳು. ಅವನು ನೆಲ ನೋಡುತ್ತಿದ್ದ.

'ನಿನ್ನೆ ತಾನೇ "ಐತೆ" ಅಂದ್ಯಲ್ಲೋ... ಒಂದೇ ರಾತ್ರಿಗೆ ನಾನೇನು ಮಾಡಿದೆ?'

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಗುಸುಗುಸು ಶುರುವಾಯಿತು. ಸ್ಟೋರಿನ ಸ್ಮಿತಾ ಕಿವಿಯ ಹತ್ತಿರ ಬಂದು, "ಏನ್ ಮಾಡ್ದೆ ಹೇಳೇ? ಅವರು ಸುಮ್ ಸುಮ್ನೆ ಹಂಗನ್ನೋರಲ್ಲ," ಎಂದಳು. ಅದೇ ಮಾತು ಚುಚ್ಚಿದ್ದು. ಹೌದು, ಬಸವೇಶ ಸುಮ್ಮಸುಮ್ಮನೆ ಆಡುವವನಲ್ಲ.

ಮಧ್ಯಾಹ್ನ ಅವನನ್ನು ನಲ್ಲಿಯ ಹತ್ತಿರ ಹಿಡಿದಳು. "ನನ್ನ ತಪ್ಪೇನು ಅಂತ ನನಗಾದ್ರೂ ಹೇಳಿ!"

"ನಿಮ್ದೇನೂ ತಪ್ಪಿಲ್ಲ."

"ಮತ್ತೆ?"

"ಈಗ ಬ್ಯಾಡ ಬುಡಿ..." ಸೋಪು ತೊಳೆಯದ ಕೈಯಲ್ಲೇ ಹೋಗಿಬಿಟ್ಟ.

ಆದರೆ ಸಂಜೆ? ಸಂಜೆ ರಸ್ತೆಯ ಆಚೆ ಅದೇ ಬೈಕು, ಅದೇ ಮನುಷ್ಯ! ಬಸ್ಸು ಬರುವ ತನಕ ಕದಲಲಿಲ್ಲ. ಶಿವರಂಜನಿಗೆ ತಲೆ ಕೆಟ್ಟು ಗೊಬ್ಬರವಾಯಿತು. ಬೆಳಿಗ್ಗೆ ಎಲ್ಲರೆದುರು ಮಾನ ಕಳೆದವನು ಸಂಜೆ ಕಾವಲು ನಿಲ್ಲುತ್ತಾನೆ! ಇವನನ್ನು ದ್ವೇಷಿಸಬೇಕೋ, ನಂಬಬೇಕೋ? ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಸದ್ದಿಲ್ಲದೆ ಅತ್ತಳು.

ಮನೆಯಲ್ಲಿ ಅಪ್ಪ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡ.

"ಆಗ್ದಿದ್ರೆ ಬುಟ್ಬುಡವ್ವ. ಅಂಗಡಿ ಐತೆ, ನಾನಿವ್ನಿ."

"ಆಗ್ದೆ ಇದ್ರೆ ಬಿಡ್ತಿದ್ದೆ ಕಣಪ್ಪ. ನಂಗೆ ಆಗುತ್ತೆ. ಅದೇ ಸಂಕಟ."

ಮರುದಿನ ಅವಳು ನೇರವಾಗಿ ನಟರಾಜು ಮುಂದೆ ನಿಂತಳು. ಅಳು ಬಂದರೂ ನುಂಗಿಕೊಂಡಳು.

"ಸಾರ್, ನಾನು ಈ ತಿಂಗಳು ಮಾಡಿದ ಕೆಲಸ ಎಲ್ಲಾ ಬಿಚ್ಚಿಸಿ ನೋಡಿಸಿ. ಬೇಕಾದ್ರೆ ಸುನೀಲ್‌ಕುಮಾರ್ ಅವರೇ ನೋಡ್ಲಿ."

ಹ್ಯಾಂಗರಿನ ಇನ್ನೊಬ್ಬ ಮೆಕ್ಯಾನಿಕ್ ಸುನೀಲ್‌ಕುಮಾರ್ ಎಂದರೆ ಅನ್ನದಲ್ಲಿ ಕಲ್ಲು ಸಿಗದಿದ್ದರೆ ಬೇಜಾರು ಮಾಡಿಕೊಳ್ಳುವ ಆಸಾಮಿ. ಎರಡು ದಿನ ಹುಡುಕಿದ, ತಡಕಿದ. ಶುಕ್ರವಾರ ಕೈ ಕೊಡವಿಕೊಂಡು ಬಂದ.

"ನಾನೂ ಬೇಕಾದಷ್ಟು ಒದ್ದಾಡ್ದೆ ಸಾ. ಒಂದು ತಪ್ಪೂ ಸಿಗ್ಲಿಲ್ಲ."

ಶಿವರಂಜನಿ ಉಸಿರು ಬಿಟ್ಟಳು. ಆದರೆ ನಟರಾಜು ಅವರ ಮುಖ ಗಂಟಿಕ್ಕಿಕೊಂಡೇ ಇತ್ತು.

"ಕೆಲಸ ಸರಿಯಿದೆ, ಸಂತೋಷ. ಆದ್ರೆ ಬಸವೇಶ ಏನೋ ಕಂಡಿದ್ದಕ್ಕೇ ತಾನೇ ಆಗಲ್ಲ ಅಂದಿರೋದು? ನಮ್ಮ ವಿಮಾನ ಹತ್ತೋದು ಯಾರದೋ ಮನೆ ಮಕ್ಕಳಮ್ಮ. ಕಾರಣ ಗೊತ್ತಾಗದೆ ನಾನು ಸಹಿ ಹಾಕಲ್ಲ. ನಾಳೆಯವರೆಗೂ ಟೈಮಿದೆ."

ಕೆಲಸ ಸರಿಯಿದೆ! ತಪ್ಪು ಇಲ್ಲ! ಆದರೂ ಕೆಲಸ ಹೋಗುತ್ತದೆ! ಇದೆಂಥ ನ್ಯಾಯ?

ಮಲ್ಲಿಗಮ್ಮ ಅವಳನ್ನು ಕರೆದು ಕಾಫಿ ಕೊಟ್ಟಳು. "ಆ ಹುಡ್ಗ ನಾಕ್ ದಿನದಿಂದ ರೊಟ್ಟಿ ಮುರುದು ಮುರುದು ಅಂಗೇ ಬುಟ್ಟು ಓಯ್ತಾನೆ ಮಗ. ನಿನ್ ಮ್ಯಾಲೆ ಕೋಪ ಇರೋನು ಉಣ್ಣದ್ಯಾಕೆ ಬುಡ್ತಾನೆ? ನೀನೇ ಓಗಿ ಗಟ್ಟಿಸಿ ಕೇಳು."

ಸಂಜೆ ಬಸ್ಸು ಬಂತು. ಶಿವರಂಜನಿ ಹತ್ತಲಿಲ್ಲ. ಬಸ್ಸು ಹೋದ ಮೇಲೆ ರಸ್ತೆ ದಾಟಿ ನೇರವಾಗಿ ಅವನ ಬೈಕಿನ ಮುಂದೆ ಹೋಗಿ ನಿಂತಳು.

"ಬಸ್ ಬಿಟ್ಬುಟ್ರಲ್ಲ..." ಎಂದ ಅವನು ಗಾಬರಿಯಲ್ಲಿ.

"ನಾಳೆಯಿಂದ ಈ ಬಸ್ಸಿನ ಕೆಲಸವೇ ಇರಲ್ಲ ನನಗೆ. ಹೋಗೋ ಮುಂಚೆ ಕಾರಣ ಬೇಕು. ಹೇಳಿ!"

ಬಸವೇಶ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸಿದ. ವಿಮಾನದ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸುವವನಿಗೆ ನಾಲ್ಕು ಮಾತು ಜೋಡಿಸಲು ಆಗಲಿಲ್ಲ.

"ಸೋಮವಾರ ನಿಮ್ಮ ಕೇಬಲ್ ನೋಡ್ದೆ. 'ಐತೆ' ಅಂದೆ, ಸಹಿ ಹಾಕ್ದೆ. ಗೇಟ್ ತಂಕ ಬಂದು, ಏನ್ ನೋಡ್ದೆ ಅಂತ ನೆನಪು ಮಾಡ್ಕೊಂಡ್ರೆ... ಒಂದೂ ನೆನಪಿಲ್ಲ ಕಣ್ರೀ! ತಂತಿ ನೆನಪಿಲ್ಲ, ತಿರುಪು ನೆನಪಿಲ್ಲ. ನೀವು ದೂರ ನಿಂತು ಕೂದ್ಲು ಕಟ್ಕೊಳ್ತಿದ್ದಿದ್ದು ಒಂದೇ ನೆನಪು."

ಶಿವರಂಜನಿಯ ಕೈ ತಾನಾಗಿಯೇ ಮುಡಿಯ ಕಡೆ ಹೋಯಿತು.

"ಎದೆ ಧಸಕ್ ಅಂತು ನಂಗೆ. ವಾಪಸ್ ಓಗಿ, ಮುಚ್ಚಳ ಬಿಚ್ಚಿ, ಎಲ್ಲಾ ಇನ್ನೊಂದ್ಸಲ ನೋಡ್ದೆ. ಸರಿಯಾಗೇ ಇತ್ತು. ಆದ್ರೆ ಸರಿಯಿಲ್ದೇ ಇದ್ದಿದ್ರೂ ನಾನು ಐತೆ ಅಂತಿದ್ದೆ! ನಿಮ್ಮ ಕೆಲ್ಸ ಅಂದ್ಮೇಲೆ ಸರಿಯಾಗೇ ಇರ್ತದೆ ಅಂತ ಈ ಕಣ್ಣು ಮುಂಚೇನೇ ತೀರ್ಮಾನ ಮಾಡ್ಬುಡ್ತದೆ. ಪ್ರೀತಿ ಇಟ್ಕೊಂಡು ಅನುಮಾನ ಪಡಾಕೆ ನಂಗೆ ಬರಲ್ಲ ಶಿವರಂಜನಿ... ಮೇಲೆ ಹಾರೋ ಹುಡುಗ್ರ ಜೀವ ಅದು."

ಒಂದು ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು. ಅವಳಿಗೆ ಕೇಳಿಸಲೇ ಇಲ್ಲ. ನಗುವೋ, ಅಳುವೋ, ಕೋಪವೋ? ಮೂರೂ ಒಟ್ಟಿಗೇ ಗಂಟಲಿಗೆ ಬಂದಿದ್ದವು. ಗೆದ್ದದ್ದು ಕೋಪವೇ.

"ಇಷ್ಟು ಹೇಳೋಕೆ ನನ್ನನ್ನ ಇಷ್ಟು ದಿನ ಸಾಯಿಸಬೇಕಿತ್ತಾ?"

"ನಿಮ್ಮ ಮನಸಲ್ಲಿ ಏನೈತೋ ಗೊತ್ತಿಲ್ದೇ, ಎಲ್ಲರ ಬಾಯಿಗೆ ನಿಮ್ಮ ಹೆಸರು ಹೆಂಗೆ ಹಾಕ್ಲಿ? ಬೇರೆಯೋರು ನೋಡ್ತಾರೆ, ಅಲ್ಲಿಗೆ ಮುಗೀತದೆ ಅನ್ಕೊಂಡೆ. ನಿಮ್ಮ ಕೆಲ್ಸಕ್ಕೇ ಬರ್ತದೆ ಅನ್ಕೊಳ್ಳಲಿಲ್ಲ. ನಾಳೆ ಸಾರ್‌ಗೆ ನಾನೇ ಹೇಳ್ತೀನಿ. ಕೆಲ್ಸ ಬುಡಬೇಕಾದ್ರೆ ನಾನೇ ಬುಡ್ತೀನಿ."

"ನನ್ನ ಹೆಸರು ಈಗಾಗಲೇ ಎಲ್ಲರ ಬಾಯಲ್ಲಿದೆ ಬಸವೇಶ್. ಕೆಲಸ ಬರದೋಳು ಅಂತ! ಅದಕ್ಕಿಂತ ಇದೇ ವಾಸಿ."

ಮುಂದಿನ ಬಸ್ಸು ಬಂತು. ಬೇರೆ ಏನೂ ಹೇಳದೆ ಹತ್ತಿಬಿಟ್ಟಳು. ಪಾಪ, ಈಗ ತಲೆ ಕೆಡಿಸಿಕೊಳ್ಳುವ ಸರದಿ ಅವನದು! ಇದೇ ವಾಸಿ ಎಂದರೆ ಏನರ್ಥ? ಒಪ್ಪಿಗೆಯೋ, ಬೈಗುಳವೋ? ಹರದನಹಳ್ಳಿಯ ತನಕ ಅವನು ಗೇರ್ ಬದಲಿಸಿದ್ದೂ ಅವನಿಗೆ ತಿಳಿಯಲಿಲ್ಲ.

ಶನಿವಾರ ನಟರಾಜು ಕೋಣೆಯಲ್ಲಿ ಇಬ್ಬರೂ ನಿಂತಿದ್ದರು. ಬಸವೇಶ ಬಾಯಿ ತೆರೆಯುವಷ್ಟರಲ್ಲಿ ಶಿವರಂಜನಿಯೇ ಶುರು ಮಾಡಿದಳು.

"ಕಾರಣ ಸಿಕ್ತು ಸಾರ್. ಇವರಿಗೆ ನಾನಂದ್ರೆ ಇಷ್ಟ ಅಂತೆ. ಅದಕ್ಕೇ ನನ್ನ ಕೆಲಸದಲ್ಲಿ ತಪ್ಪು ಕಾಣಲ್ವಂತೆ."

ನಟರಾಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಯ್ಯಾ ಇದು?"

"ನಿಜ ಸಾ," ಎಂದ ಅವನು. ಕಿವಿ ಕೆಂಪಗಾಗಿತ್ತು.

"ಮೂವತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ಈ ಕಾರಣ ಮಾತ್ರ ಯಾರೂ ಕೊಟ್ಟಿರಲಿಲ್ಲ!" ಎಂದು ಅವರು ತಲೆ ಕೆರೆದುಕೊಂಡರು. ನಗು ತಡೆಯಲು ಪಡುತ್ತಿದ್ದ ಪಾಡು ಮುಖದಲ್ಲೇ ಕಾಣುತ್ತಿತ್ತು. "ಸರಿ, ಇವನ ಬದಲು ಸುನೀಲ್‌ಕುಮಾರ್ ನಿನ್ನ ಕೆಲಸ ನೋಡ್ತಾನೆ. ಇನ್ನು ಖಾಯಂ ಆದ್ಮೇಲೆ ಬಸವೇಶ ಮಾಡಿದ ಕೆಲಸ ಚೆಕ್ ಮಾಡೋದನ್ನ ನೀನು ಕಲೀಬೇಕಾಗುತ್ತಮ್ಮ. ಅದಕ್ಕೇನೂ ಅಡ್ಡಿಯಿಲ್ವಲ್ಲ?"

ಶಿವರಂಜನಿ ಬಸವೇಶನ ಕಡೆ ತಿರುಗಿದಳು. ಇಷ್ಟು ದಿನ ಅವಳನ್ನು ತಪ್ಪಿಸುತ್ತಿದ್ದ ಕಣ್ಣುಗಳು ಈಗ ಅವಳನ್ನೇ ನೋಡುತ್ತಿದ್ದವು. ಭಯ, ಆಸೆ ಎರಡೂ ಅವುಗಳಲ್ಲಿದ್ದವು.

"ಇವರ ಕೆಲಸ ನಾನೂ ನೋಡಲ್ಲ ಸಾರ್," ಎಂದಳು ಮೆಲ್ಲಗೆ. "ಕಾರಣ... ಅದೇ."

ಬಸವೇಶನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಆ ನಗದ ಮುಖ ನಕ್ಕಿತು. ನಟರಾಜು ಅಂತೂ ಜೋರಾಗಿ ನಕ್ಕು, ಪೆನ್ನು ತೆಗೆದು, ಅವಳ ಖಾಯಂ ಪತ್ರಕ್ಕೆ ಸಹಿ ಹಾಕಿದರು. "ಹೋಗಿ, ಇಬ್ಬರೂ ಆಚೆ ಹೋಗಿ! ಒಂದೇ ವಿಮಾನದ ಹತ್ತಿರ ನಿಮ್ಮಿಬ್ಬರನ್ನ ನಾನು ಕಾಣಬಾರದು!"

ಹೊರಗೆ ರನ್‌ವೇ ಮೇಲೆ ಒಂದು ವಿಮಾನ ಓಡಿ ಮೇಲೇರಿತು. ಅದು ಸಣ್ಣದಾಗುವ ತನಕ ಇಬ್ಬರೂ ನೋಡುತ್ತಾ ನಿಂತರು. ನಿಧಾನವಾಗಿ ಅವನ ಬೆರಳು ಅವಳ ಬೆರಳನ್ನು ಹುಡುಕಿಕೊಂಡಿತು.

"ಹಾಗಾದ್ರೆ ಇನ್ಮೇಲೆ ನನ್ನಲ್ಲಿ ತಪ್ಪೇ ಕಾಣಲ್ಲ ಅನ್ನಿ?" ಎಂದು ಅವಳು ತುಂಟತನದಿಂದ ಕೇಳಿದಳು.

"ಊಂಹೂಂ."

"ಮದುವೆ ಆದ್ಮೇಲೂ?"

"ಅದಕ್ಕೆ ಬೇರೆ ಕಣ್ಣು ಬೇಕಾಯ್ತದೆ. ನಮ್ಮವ್ವ ಅವ್ರೆ."

"ಅಯ್ಯಯ್ಯೋ! ಅವರು ತಪ್ಪು ಹಿಡಿದ್ರೆ?"

"ಇಡೀಲಿ ಬುಡಿ," ಎಂದು ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. "ನಾನು ನಿಮ್ಮ ಕಡೆ ಸಹಿ ಹಾಕ್ತೀನಿ."