ಹಿಂದಿನ ದಿನ ಹೇಳಬಾರದ ಮಾತು

"ಅಪ್ಪ, ನಾಳೆ ನೀವು ಎಲ್ಲಿರ್ತೀರಿ?"

ಅಪ್ಪ ಕುದುರೆಯ ಜೀನು ಬಿಗಿಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು, "ಲಿಂಡೆನ್‌ಟಾಲ್‌ನಲ್ಲಿ. ಮಧ್ಯಾಹ್ನ ಭಾಷಣ ಇದೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ," ಎಂದಳು ರೀಕೆ.

'ನಾಳೆ' ಎಂಬ ಮಾತನ್ನು ಅವಳು ಒತ್ತಿಯೇ ಹೇಳಿದ್ದಳು. ಹೇಳಿ ಅಪ್ಪನ ಮುಖವನ್ನೇ ನೋಡಿದಳು. ಏನೂ ತಿಳಿಯಲಿಲ್ಲ. ಅಷ್ಟು ದೊಡ್ಡ ಗಡ್ಡದ ಒಳಗೆ ಏನಿದೆ ಎಂದು ಯಾರಿಗೆ ತಾನೇ ತಿಳಿದೀತು!

"ಅತ್ತೆ ಹೇಳಿದ ಹಾಗೆ ಕೇಳು. ಜಾಣೆ ಆಗಿರು," ಎಂದು ಅಪ್ಪ ಅವಳ ತಲೆ ಸವರಿದರು. ಇನ್ನೂ ಏನೋ ಹೇಳುವವರಂತೆ ಒಂದು ಕ್ಷಣ ನಿಂತರು. ಆಮೇಲೆ ಕುದುರೆ ಏರಿ ಹೊರಟೇ ಹೋದರು.

ಮರುದಿನ ರೀಕೆಗೆ ಹತ್ತು ವರ್ಷ ತುಂಬುತ್ತಿತ್ತು.

ಸ್ಕೂಲಿನಲ್ಲಿ ಅವಳ ಬೆಂಚಿನವಳು ಫೀಬಿ ಟಟ್ಲ್. ಅವಳದು ಇಂಗ್ಲಿಷ್ ಮಾತಾಡುವ ಮನೆ. ಅಪ್ಪ ಹೊರಟ ದಿನವೇ ರೀಕೆಯ ಕತೆ ಕೇಳಿ ಫೀಬಿ ಹಣೆ ಚಚ್ಚಿಕೊಂಡಳು.

"ಅಯ್ಯೋ ದಡ್ಡೀ! ನಾಳೆ ನನ್ನ ಹುಟ್ಟುಹಬ್ಬ ಅಂತ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು ನಿಂಗೆ?"

"ಹಾಗೆಲ್ಲ ಹೇಳೋ ಹಾಗಿಲ್ಲ ಕಣೇ. ನಮ್ಮ ಜರ್ಮನ್ ಮನೆಗಳಲ್ಲಿ ಆ ದಿನ ಬರೋ ತನಕ ಯಾರೂ ಮಾತೆತ್ತಬಾರದು. ಒಂದು ದಿನ ಮೊದಲೇ ಶುಭ ಹೇಳಿಬಿಟ್ರೆ ಕೆಟ್ಟದಾಗುತ್ತೆ."

"ಏನ್ ಕೆಟ್ಟದಾಗುತ್ತೆ?"

"ಯಾರಿಗ್ಗೊತ್ತು? ಕೆಟ್ಟದ್ದು ಅಂದ್ರೆ ಕೆಟ್ಟದ್ದು, ಅಷ್ಟೆ."

"ವಿಚಿತ್ರ ಜನ ನೀವು! ಭಾನುವಾರದ ಪ್ರಾರ್ಥನೆ ಬಿಟ್ಟು ಬೀರ್ ತೋಟದಲ್ಲಿ ಕೂತು ಕುಡೀತಾ ಬ್ಯಾಂಡ್ ಕೇಳೋದಕ್ಕೆ ಭಯ ಇಲ್ಲ. ಒಂದು ಒಳ್ಳೇ ಮಾತು ಹೇಳೋಕೆ ಭಯ!" ಫೀಬಿ ನಕ್ಕಳು. ನಗು ನಿಲ್ಲಿಸಿ ಯೋಚಿಸಿದಳು. "ಆದ್ರೆ ನಿಮ್ಮಪ್ಪ ಶಕುನ ಗಿಕುನ ಏನೂ ನಂಬಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ?"

"ಹೂಂ. ನಂಬಲ್ಲ."

"ಮತ್ತೆ? ನೆನಪಿದ್ದಿದ್ರೆ ಹೇಳಿಯೇ ಹೋಗ್ತಿದ್ರು."

ಫೀಬಿ ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ರೀಕೆಗೆ ಸಂಕಟ.

ಅಪ್ಪ ಮೊದಲು ಜರ್ಮನಿಯಲ್ಲಿ ವಕೀಲರು. ಅಲ್ಲಿ ರಾಜನ ವಿರುದ್ಧ ಎದ್ದ ದಂಗೆಯಲ್ಲಿ ಸೇರಿ, ಸಿಕ್ಕಿಬೀಳುವ ಮೊದಲೇ ಹಡಗು ಹತ್ತಿ ಅಮೆರಿಕದ ಇಲಿನಾಯ್‌ಗೆ ಬಂದವರು. ಇಲ್ಲಿ ಗುಲಾಮಗಿರಿ ವಿರುದ್ಧದ ಯುದ್ಧ ಶುರುವಾದಾಗ ಕಾನೂನಿನ ಪುಸ್ತಕ ಮುಚ್ಚಿಟ್ಟು ಕುದುರೆ ಏರಿದರು. ಆಗ ರೀಕೆಗೆ ಐದು ಕೂಡ ತುಂಬಿರಲಿಲ್ಲ. ಅದೇ ಚಳಿಗಾಲದಲ್ಲಿ ಅಮ್ಮ ಜ್ವರ ಬಂದು ತೀರಿಕೊಂಡರು. ಯುದ್ಧ ಮುಗಿದ ಮೇಲೂ ವರ್ಷ ಕಾಲ ಪಡೆಯಲ್ಲೇ ಇದ್ದು, ಅಪ್ಪ ಕ್ಯಾಪ್ಟನ್ ಆಗಿ ಮನೆಗೆ ಮರಳಿದ್ದು ಈ ವಸಂತದಲ್ಲಿ. ಬಂದವರೇ ಚುನಾವಣೆಗೆ ನಿಂತರು. ಐದು ಹುಟ್ಟುಹಬ್ಬ ಅಪ್ಪನಿಲ್ಲದೆ ಕಳೆದಿದ್ದವು. ಆಗ ಯುದ್ಧ, ಪಡೆ ಇತ್ತು, ಸರಿ. ಈಗ?

ಬೆಳಗಾಯಿತು. ಲಿಸೆಟ್ ಅತ್ತೆ ಮೇಜಿನ ಮೇಲೆ ಗಸಗಸೆ ಕೇಕ್ ಇಟ್ಟಿದ್ದಳು. ಸುತ್ತ ಹತ್ತು ಮೇಣದ ಬತ್ತಿ, ನಡುವೆ ಆಯುಸ್ಸಿಗೆಂದು ದಪ್ಪನೆಯದೊಂದು. ಅತ್ತೆ ಹಾಡು ಹೇಳಿದಳು, ಕೆನ್ನೆಗೆ ಮುತ್ತಿಟ್ಟಳು. ಅತ್ತೆಯ ಒಂಟಿ ಹಾಡು ಅಷ್ಟು ದೊಡ್ಡ ಕೋಣೆಗೆ ಸಾಲಲಿಲ್ಲ.

"ಅಪ್ಪ ನಿನ್ಹತ್ರ ಏನಾದ್ರೂ ಹೇಳಿ ಹೋಗಿದಾರಾ ಅತ್ತೆ?"

ಅತ್ತೆ ಚೂರಿ ಒರೆಸುತ್ತಾ ನಿಂತಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲ ಕಣೇ."

"ಹಾಗಾದ್ರೆ ಮರೆತಿದಾರೆ."

"ಇರಬಹುದು. ಇಲ್ಲದೇನೂ ಇರಬಹುದು. ನಿಮ್ಮಪ್ಪನ ಮನಸ್ಸು ನಂಗೂ ತಿಳಿಯಲ್ಲ."

ರೀಕೆಗೆ ಅಳು ಉಕ್ಕಿತು. "ಊರೋರಿಗೆಲ್ಲ ಅಪ್ಪ ಬೇಕು. ಅಪ್ಪನಿಗೂ ಊರೋರೆಲ್ಲ ಬೇಕು. ನಾನೊಬ್ಬಳು ಬೇಡ!"

ಅತ್ತೆ ಚೂರಿ ಕೆಳಗಿಟ್ಟಳು. ಆಮೇಲೆ ಕಿಟಕಿ ತೆರೆದು, ಬೀದಿಯಲ್ಲಿ ಬೀರ್ ಪೀಪಾಯಿ ಹೇರಿಕೊಂಡು ಲಿಂಡೆನ್‌ಟಾಲ್‌ಗೆ ಹೊರಟಿದ್ದ ಗಾಡಿಯನ್ನು ಕೂಗಿ ನಿಲ್ಲಿಸಿದಳು.

"ಹೋಗು. ನನ್ನ ಕೇಳಿದ್ರೆ ಏನು ಬಂತು, ಅವನನ್ನೇ ಕೇಳು. ಒಂದಿನ ಸ್ಕೂಲ್ ತಪ್ಪಿದ್ರೆ ಆಕಾಶ ಏನೂ ಕಳಚಿ ಬೀಳಲ್ಲ."

ಗಾಡಿಯ ಕ್ನೋಬ್ಲಾಕ್ ಮಾಮ ದಾರಿಯುದ್ದಕ್ಕೂ ಒಬ್ಬರೇ ಮಾತಾಡಿದರು. "ಕ್ಯಾಪ್ಟನ್ ಬಾಯಿ ತೆಗೆದ್ರೆ ಕಲ್ಲೂ ಎದ್ದು ಕೂರುತ್ತೆ ಪುಟ್ಟಿ! ನಿನ್ನ ಪುಣ್ಯ, ಅಂಥ ಅಪ್ಪ!" ರೀಕೆ ಹೂಂಗುಟ್ಟುತ್ತಿದ್ದಳು. ಅಂಥ ಅಪ್ಪ ಮನೆಯಲ್ಲಿ ಉಪ್ಪಿನ ಬಟ್ಟಲು ಕೇಳಲೂ ಮಾತು ಹುಡುಕುತ್ತಾರೆಂದು ಮಾಮನಿಗೆ ಹೇಗೆ ಹೇಳುವುದು?

ಲಿಂಡೆನ್‌ಟಾಲ್‌ನ ಬೀರ್ ತೋಟದಲ್ಲಿ ಜನ ಕಿಕ್ಕಿರಿದಿದ್ದರು. ಅಪ್ಪ ಹಲಗೆಯ ವೇದಿಕೆ ಹತ್ತಿ ಒಮ್ಮೆ ಜರ್ಮನ್‌ನಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಹಿಂದಿನಿಂದ ಒಬ್ಬ, "ನಿಮ್ಮ ಇಂಗ್ಲಿಷ್ ಕುಂಟುತ್ತೆ ಕ್ಯಾಪ್ಟನ್!" ಎಂದು ಕೂಗಿದ. "ಕುಂಟಿದ್ರೂ ನಿಮ್ಮ ತನಕ ಬಂತಲ್ಲಪ್ಪ!" ಎಂದರು ಅಪ್ಪ. ಚಪ್ಪಾಳೆಯೋ ಚಪ್ಪಾಳೆ.

ಅಪ್ಪನಿಗೆ ಇಷ್ಟೆಲ್ಲ ಮಾತು ಬರುತ್ತದೆಂದು ರೀಕೆಗೆ ಗೊತ್ತೇ ಇರಲಿಲ್ಲ. ಅಷ್ಟು ಜನರ ನಡುವೆ ಅವಳಿಗೆ ಮನೆಯಲ್ಲಿದ್ದದ್ದಕ್ಕಿಂತ ಹೆಚ್ಚು ಒಂಟಿ ಅನಿಸಿತು.

ಭಾಷಣ ಮುಗಿದು ಜನ ಕೈಕುಲುಕಲು ಸಾಲು ನಿಂತರು. ರೀಕೆಯೂ ನಿಂತಳು. ಅಪ್ಪ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. "ಏನ್ ಡಿಟ್‌ಮಾರ್, ನಿನ್ನ ಕೆಂಪು ಹಸು ಕರು ಹಾಕ್ತಾ?"

ಯಾರದೋ ಹಸು ಕರು ಹಾಕುವುದು ನೆನಪಿದೆ! ರೀಕೆಗೆ ಸಿಟ್ಟಿನಿಂದ ಕಿವಿ ಬಿಸಿಯಾಯಿತು.

ಅವಳ ಸರದಿ ಬಂತು. ಅಪ್ಪನ ಕಣ್ಣು ಹಿಂದೆ ನಿಂತಿದ್ದ ಮುದುಕನ ಮೇಲಿತ್ತು. ಅವಳ ಕೈ ಹಿಡಿದು ಕುಲುಕಿ, "ಬಂದಿದ್ದು ಸಂತೋಷ ಪುಟ್ಟಿ. ನಿಮ್ಮಪ್ಪನಿಗೆ ಹೇಳು, ಓಟು ನನಗೇ..." ಎಂದವರು ತಟ್ಟನೆ ನಿಂತರು.

"ರೀಕೆ?"

ಅಪ್ಪನ ಮುಖ ಬಿಳಿಚಿಕೊಂಡಿತು. ಅವಳ ಎರಡೂ ಭುಜ ಹಿಡಿದು ಬಗ್ಗಿದರು. "ಏನಾಯ್ತು? ಮನೇಲಿ ಏನಾಯ್ತು? ನಿಂಗೆ ಜ್ವರ ಬಂತಾ?" ಎಂದು ಅವಳ ಹಣೆ ಮುಟ್ಟಿ ನೋಡಿದರು.

"ಏನೂ ಆಗಿಲ್ಲ ಅಪ್ಪ. ನಾನು ಚೆನ್ನಾಗೇ ಇದೀನಿ."

ಅಪ್ಪ ಸಾಲಿನವರಿಗೆ ಒಂದು ಮಾತೂ ಹೇಳದೆ ಅವಳ ಕೈ ಹಿಡಿದು ತೋಟದ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಯುದ್ಧದ ಉದ್ದಕ್ಕೂ ಅವರನ್ನು ಹೊತ್ತ ಕಂದು ಕುದುರೆ ಫುಕ್ಸ್ ಮರಕ್ಕೆ ಕಟ್ಟಿಸಿಕೊಂಡು ನಿಂತಿತ್ತು.

ರೀಕೆ ಇನ್ನು ತಡೆಯಲಾರದೆ ಕೇಳಿಯೇಬಿಟ್ಟಳು. "ಇವತ್ತು ಏನು ಅಂತ ನಿಮಗೆ ನೆನಪಿದೆಯಾ?"

"ಇದೆ," ಎಂದರು ಅಪ್ಪ. "ಹತ್ತು."

"ಹಾಗಾದ್ರೆ ಯಾಕೆ ಹೇಳ್ಲಿಲ್ಲ? ನಿನ್ನೆ ಹೇಳ್ಬಹುದಿತ್ತು. ನೀವು ಶಕುನ ಎಲ್ಲ ನಂಬಲ್ವಲ್ಲ!"

ಅಪ್ಪ ಕುದುರೆಯ ಕೇಸರದಲ್ಲಿ ಸಿಕ್ಕಿದ್ದ ಒಣ ಎಲೆ ಕಿತ್ತರು. ಅದನ್ನು ಪುಡಿಪುಡಿ ಮಾಡಿದರು.

"ನಾನು ಯುದ್ಧಕ್ಕೆ ಹೊರಟ ಮರುದಿನ ನಿಮ್ಮಮ್ಮನ ಹುಟ್ಟುಹಬ್ಬ. ದೋಣಿಕಟ್ಟೆಗೆ ಬಂದಿದ್ಲು, ನಿನ್ನ ಎತ್ತಿಕೊಂಡು. ನಾಳೆ ನಾನಿರಲ್ಲ, ಇವತ್ತೇ ತಗೋ ಅಂತ ಶುಭ ಹೇಳಿಬಿಟ್ಟೆ. ಅವಳು ಬೇಡ ಬೇಡ ಅಂತ ನನ್ನ ಬಾಯಿ ಮುಚ್ಚೋಕೆ ಬಂದ್ಲು. ನಾನು ನಗಾಡ್ದೆ. ಇನ್ನೂ ಜೋರಾಗಿ ಹೇಳ್ದೆ." ಅಪ್ಪ ಕೈಯಲ್ಲಿದ್ದ ಎಲೆಯ ಪುಡಿ ಉದುರಿಸಿದರು. "ಚಳಿಗಾಲ ಕಳೆಯೋದ್ರೊಳಗೆ ಅವಳೇ ಇರ್ಲಿಲ್ಲ."

"ಅಮ್ಮ ಹೋಗಿದ್ದು ಜ್ವರದಿಂದ ಅಪ್ಪ. ನೀವು ಹೇಳಿದ್ದಕ್ಕಲ್ಲ."

"ಗೊತ್ತು. ನಾನು ವಕೀಲ. ಕೋರ್ಟಿನಲ್ಲಾದ್ರೆ ಎರಡೇ ಮಾತಲ್ಲಿ ಈ ಕೇಸು ಗೆಲ್ತೀನಿ." ಅಪ್ಪ ನಗಲು ನೋಡಿದರು, ಆಗಲಿಲ್ಲ. "ನಿನ್ನೆ ನಿನ್ನ ಮುಂದೆ ನಿಂತಾಗ ಬಾಯೇ ಬರ್ಲಿಲ್ಲ."

"ಇವತ್ತು ಹೇಳ್ಬಹುದಲ್ಲ. ಇವತ್ತೇ ತಾನೇ ಆ ದಿನ?"

ಅಪ್ಪ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಈಗಷ್ಟೇ ಊರನ್ನೆಲ್ಲ ನಗಿಸಿದ ಬಾಯಿಗೆ ಅಷ್ಟು ಚಿಕ್ಕ ಮಾತು ಬಾರದೆ ಹೋಯಿತು. ಅವರು ಅತ್ತ ತಿರುಗಿ, ಫುಕ್ಸ್‌ನ ಕತ್ತಿಗೆ ಹಣೆ ಆನಿಸಿ ನಿಂತರು.

"ನಮ್ಮ ರೀಕೆಗೆ ಹತ್ತು ತುಂಬಿತು ಕಣೋ ಫುಕ್ಸ್," ಎಂದರು ಮೆಲ್ಲಗೆ. "ಚೆನ್ನಾಗಿರ್ಲಿ. ನೂರು ವರ್ಷ ಬಾಳ್ಲಿ. ಜ್ವರ ಗಿರ ಹತ್ರ ಸುಳೀದೆ ಇರ್ಲಿ."

ಎಲ್ಲಿಯೂ ತಡವರಿಸಲಿಲ್ಲ. ಬಾಯಿಪಾಠ ಮಾಡಿದಂತೆ ಸರಾಗವಾಗಿ ಬಂತು. ಫುಕ್ಸ್ ಕೂಡ ಅಲುಗದೆ ಕೇಳಿಸಿಕೊಂಡಿತು, ಇದು ಹೊಸದೇನಲ್ಲ ಎಂಬಂತೆ.

ಆಗ ರೀಕೆಗೆ ತಿಳಿಯಿತು. ಐದು ತುಂಬಿದಾಗ, ಆರು ತುಂಬಿದಾಗ, ಏಳು, ಎಂಟು, ಒಂಬತ್ತು ತುಂಬಿದಾಗಲೂ ಅಪ್ಪ ಎಲ್ಲೋ ದೂರದ ಡೇರೆಯ ಹೊರಗೆ ಹೀಗೆಯೇ ನಿಂತಿದ್ದಿರಬೇಕು. ಹೇಳಿಕೊಳ್ಳಲು ಕುದುರೆ ಬಿಟ್ಟರೆ ಅವರಿಗೆ ಬೇರೆ ಯಾರೂ ಇರಲಿಲ್ಲ.

ಅವಳು ಕುದುರೆಯನ್ನು ಬಳಸಿ ಆಚೆ ಬದಿಗೆ ಹೋಗಿ ನಿಂತಳು. ಅಲ್ಲಿಂದ ಅಪ್ಪನ ಬೂಟು ಮಾತ್ರ ಕಾಣುತ್ತಿತ್ತು.

"ಥ್ಯಾಂಕ್ಸ್ ಅಪ್ಪ," ಎಂದಳು.

ಆಚೆಯಿಂದ ಅಪ್ಪ ಮೂಗು ಸೀಟಿಕೊಂಡ ಸದ್ದು ಕೇಳಿಸಿತು.

ತೋಟದ ಕಡೆಯಿಂದ ಯಾರೋ ಕೂಗಿದರು, "ಕ್ಯಾಪ್ಟನ್! ಎಲ್ಲಿದೀರಿ ಕ್ಯಾಪ್ಟನ್? ಜನ ಕಾಯ್ತಿದಾರೆ!"

"ಬರ್ತಾರೆ, ಸ್ವಲ್ಪ ತಾಳಿ!" ಎಂದು ರೀಕೆ ಗಟ್ಟಿಯಾಗಿ ಕೂಗಿ ಹೇಳಿದಳು.