ಗೋಡೆ ಬುಡದ ಮೊಳೆಗಳು

“ಹೊತ್ತು ಇಳಿದ ಮೇಲೆ ಇಲ್ಲಿ ಯಾರೂ ಸುತ್ತಿಗೆ ಎತ್ತಲ್ಲ ಸಾರ್. ಗೋಡೆಗೆ ಮೊಳೆ ಹೊಡೆಯಲ್ಲ, ನೆಲಕ್ಕೆ ಗೂಟ ಹೊಡೆಯಲ್ಲ. ಡೇರೆ ಹಾಕೋದಿದ್ರೆ ಬಿಸಿಲು ನೆತ್ತಿ ಮೇಲಿರುವಾಗಲೇ ಹಾಕ್ಬಿಡಿ. ಗೋಡೆ ಬುಡದಲ್ಲಿರೋ ಮೊಳೆಗಳನ್ನಂತೂ ಮುಟ್ಟಲೇಬೇಡಿ.”

ಊರು ತೋರಿಸಲು ಜೊತೆಗೆ ಬಂದಿದ್ದ ಮುದುಕ ಗೈಡು ಇಷ್ಟನ್ನು ಹೇಳುವಾಗ ಯಾರೋ ಕದ್ದು ಕೇಳುತ್ತಿದ್ದಾರೆ ಎಂಬಂತೆ ದನಿ ತಗ್ಗಿಸಿದ್ದ. ಸರ್ವೇಯರ್ ಬಿದ್ದು ಬಿದ್ದು ನಕ್ಕ. ಊರೂರಿನ ನೆಲಕ್ಕೆ ಗೂಟ ಹೊಡೆದು ಗಡಿ ಗುರುತಿಸುವುದೇ ಅವನ ಕಸುಬು. ಕಂಡವರ ಹೊಲ, ಕಂಡವರ ದಾರಿ, ಕಂಡವರ ಜಗಳ, ಎಲ್ಲದರ ನಡುವೆ ನಿಂತು ಸುತ್ತಿಗೆ ಬೀಸಿ ಬಂದವನು ಅವನು.

“ನಂಗೇ ಗೂಟ ಹೊಡೆಯೋದು ಹೇಳ್ಕೊಡ್ತೀರಾ ಅಜ್ಜ? ನೆಲ ಏನಾದ್ರೂ ಬೈದ್ರೆ ನಿಮ್ಮ ಕಡೆಯೋನು ಅಂತ ಹೇಳ್ತೀನಿ ಬಿಡಿ.”

“ಪುಟ್ಟಾ, ಸಾಕು,” ಎಂದು ಅಕ್ಕ ಗದರಿದಳು. ತಲೆ ನರೆಯುತ್ತಿರುವ ಗಂಡಸನ್ನು ಪುಟ್ಟ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ ಉಳಿದಿದ್ದಳು.

ರಜೆ ಸಿಕ್ಕರೆ ಸಾಕು, ಅಕ್ಕ ತಮ್ಮ ಇಬ್ಬರೂ ಡೇರೆ ಹೊತ್ತು ಹಳೆಯ ಊರುಗಳನ್ನು ಹುಡುಕಿಕೊಂಡು ಹೊರಡುತ್ತಿದ್ದರು. ಅವನು ಓಣಿಗಳನ್ನು ಅಳೆದು ನಕ್ಷೆ ಬರೆಯುತ್ತಿದ್ದ, ಅವಳು ಸುಮ್ಮನೆ ನಡೆಯುತ್ತಿದ್ದಳು. ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಆದರೆ ಹೆತ್ತವರು ಬೇಗ ಹೋಗಿಬಿಟ್ಟಿದ್ದರಿಂದ ಆ ಕಾಲುಗಳು ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿಯುವುದರಲ್ಲೇ ಸವೆದವು. ತಮ್ಮನ ಓದು, ತಮ್ಮನ ಜ್ವರ, ತಮ್ಮನ ಕೆಲಸ ಎನ್ನುತ್ತ, ನೋಡಲು ಬಂದ ಗಂಡುಗಳನ್ನೂ ವಾಪಸ್ಸು ಕಳಿಸಿದಳು. ಈಗಲೂ ಅವನ ಅಂಗಿಯ ಗುಂಡಿ ಕಿತ್ತುಹೋದರೆ ಅವಳೇ ಹಾಕಬೇಕು, ಊಟಕ್ಕೆ ಅವಳೇ ಕರೆಯಬೇಕು.

ಆ ದಿನ ಬೆಳಿಗ್ಗೆ ಗುಡ್ಡ ಹತ್ತುವಾಗ ಅವಳು ಒಂದು ಸುದ್ದಿ ಹೇಳಿದ್ದಳು. ಪ್ರಯಾಣಿಕರ ದೊಡ್ಡ ಹಡಗೊಂದರಲ್ಲಿ ದರ್ಜಿ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳು ಹೊರಡಬೇಕು. ಹೇಳುವಾಗ ಅವಳ ಮುಖದಲ್ಲಿ ಅವನು ಎಂದೂ ಕಾಣದ ಕಳೆಯಿತ್ತು. “ಹಡಗಿನೋರಿಗೆ ಬಟ್ಟೆ ಹೊಲಿಯೋಕೆ ನೀನೇ ಬೇಕಿತ್ತಾ? ನನ್ನ ಗತಿ ಏನು?” ಎಂದು ಅವನು ತಮಾಷೆ ಮಾಡಿದ. ಗುಡ್ಡದ ತುದಿ ಮುಟ್ಟುವವರೆಗೂ ಹಡಗಿನ ಮಾತನ್ನು ಮತ್ತೆ ಎತ್ತಲು ಬಿಡಲಿಲ್ಲ.

ಊರು ಮಾತ್ರ ಕಣ್ಣು ಕುಕ್ಕುವಂತಿತ್ತು. ಕಲ್ಲಿನ ಬಾಗಿಲುವಾಡಗಳ ಮೇಲೆ ಬಳ್ಳಿ, ಹಕ್ಕಿ, ಹೂವು, ಒಂದರಂತೆ ಇನ್ನೊಂದಿಲ್ಲ. ಮುಕ್ಕಾಲು ಮನೆಗಳು ಖಾಲಿ. ಒಳಗಿನಿಂದ ಹಳೆಯ ಸುಣ್ಣದ, ಬಾವಲಿ ಹಿಕ್ಕೆಯ ವಾಸನೆ ಬರುತ್ತಿತ್ತು. ಅಕ್ಕ ಒಂದು ಕಂಬದ ಮೇಲೆ ಬೆರಳಾಡಿಸುತ್ತ, “ಇಷ್ಟು ಚೆಂದ ಯಾರು ಕೆತ್ತಿದ್ದು?” ಎಂದು ಕೇಳಿದಳು.

“ಹೋಗೋಕೆ ಆಗದೇ ಇದ್ದೋರು ಅಮ್ಮ,” ಎಂದ ಗೈಡು.

ಊರಿನ ದೊರೆ ದೂರದೂರದಿಂದ ಶಿಲ್ಪಿಗಳನ್ನು ಕರೆಸಿದ್ದನಂತೆ. ಒಂದು ಮನೆ ಮುಗಿದ ಕೂಡಲೇ ಅವರು ಹೆಂಡತಿ ಮಕ್ಕಳ ನೆನಪಾಗಿ ಹೊರಟು ನಿಲ್ಲುತ್ತಿದ್ದರು. ದೊರೆ ಒಬ್ಬ ಮಾಟಗಾರನನ್ನು ಇಟ್ಟುಕೊಂಡ. ಅವನು ಕಬ್ಬಿಣ ಕಾಸಿ, ಅದಕ್ಕೆ ಏನೇನೋ ಊದಿ, ಮೊಳೆ ಮಾಡಿದ. ಸಂಜೆ ನೆರಳು ಉದ್ದವಾಗುವ ಹೊತ್ತಿಗೆ ಕೆಲಸ ಮುಗಿಸಿ ಬರುತ್ತಿದ್ದವರ ನೆರಳಿಗೆ, ಕೋಟೆಗೋಡೆಯ ಹೊರಗಿನ ಹುಲ್ಲುಗಾವಲಿನಲ್ಲಿ, ಒಂದೊಂದು ಮೊಳೆ ಹೊಡೆಸಿದ. ಆಮೇಲೆ ಯಾರೂ ಊರು ಬಿಡಲಿಲ್ಲ. ಕಲ್ಲುಗಳನ್ನೇ ಅವರಿದ್ದಲ್ಲಿಗೆ ತಂದು ಕೆತ್ತಿಸುತ್ತಿದ್ದರಂತೆ.

“ಒಳ್ಳೆ ಮಾಲೀಕ,” ಎಂದು ಸರ್ವೇಯರ್ ಕಣ್ಣು ಮಿಟುಕಿಸಿದ. ಅಕ್ಕ ನಗಲಿಲ್ಲ. ಕಂಬದಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡಳು.

ಡೇರೆ ಹಾಕಲು ಅಪ್ಪಣೆ ಇದ್ದದ್ದು ಆ ಹುಲ್ಲುಗಾವಲಿನಲ್ಲೇ. ಹೆಬ್ಬಾಗಿಲನ್ನು ಅಳೆಯುತ್ತ ಸರ್ವೇಯರ್ ಹೊತ್ತು ಕಳೆದ. ಅಲ್ಲಿಗೆ ಬರುವಷ್ಟರಲ್ಲಿ ಸೂರ್ಯ ಗುಡ್ಡದ ಅಂಚಿಗೆ ಬಂದಿದ್ದ. ನೆಲ ಗಟ್ಟಿ, ಹುಲ್ಲಿನ ಕೆಳಗೆ ಬರೀ ಕಲ್ಲು. ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಡೇರೆಯ ಒಂದು ಗೂಟ ಡೊಂಕಾಯಿತು.

“ಇದೊಂದು ಬೆಳಗಾದ ಮೇಲೆ ನೋಡೋಣ ಕಣೋ. ಹಗ್ಗಾನ ಕಲ್ಲಿಗೆ ಕಟ್ಟಿದ್ರಾಯ್ತು.”

“ಗಾಳಿ ಬೀಸಿದ್ರೆ ಡೇರೆ ಸಮೇತ ಹಾರಿ ಹೋಗ್ತೀಯ. ಹಡಗೂ ಬೇಡ, ಏನೂ ಬೇಡ,” ಎಂದು ಅವನು ಗೋಡೆಯ ಬುಡಕ್ಕೆ ನಡೆದ.

ಅಲ್ಲಿ ಹುಲ್ಲಿನ ನಡುವೆ ಹೆಬ್ಬೆರಳಗಲದ ಕಪ್ಪು ತಲೆಗಳು ಸಾಲಾಗಿ ಕಂಡವು. ಇಷ್ಟು ಹಳೆಯ ಕಬ್ಬಿಣಕ್ಕೆ ಚೂರೂ ತುಕ್ಕಿರಲಿಲ್ಲ. ಇಕ್ಕಳ ಹಾಕಿ ಎಳೆಯಬೇಕೆಂದುಕೊಂಡಿದ್ದ. ಬೇಕಾಗಲಿಲ್ಲ. ಬೆರಳಿಟ್ಟ ಕೂಡಲೇ ನಾದಿದ ಹಿಟ್ಟಿನಿಂದ ಬಂದಂತೆ ಮೊಳೆ ಸಲೀಸಾಗಿ ಮೇಲೆ ಬಂತು. ಬೆಚ್ಚಗಿತ್ತು. ನೆಲದೊಳಗೆ ಹುದುಗಿದ್ದ ತುದಿಯೇ ಹೆಚ್ಚು ಬಿಸಿಯಾಗಿತ್ತು. ಪಕ್ಕದ ಹುಲ್ಲು ಮಲಗಿ ಎದ್ದು, ಮಲಗಿ ಎದ್ದು, ಗುಡ್ಡದ ಇಳಿಜಾರಿನವರೆಗೆ ಅಲೆಯಾಡುತ್ತ ಹೋಯಿತು. ಗಾಳಿ ಇರಲಿಲ್ಲ.

“ಯಾರೋ ಓಡಿ ಹೋದಂಗಾಯ್ತಲ್ಲೋ,” ಎಂದಳು ಅಕ್ಕ.

“ನಿನ್ನ ಹಡಗಿನ ಕ್ಯಾಪ್ಟನ್ ಇರಬೇಕು. ಹಗ್ಗ ಬಿಗಿಯಾಗಿ ಹಿಡ್ಕೋ.”

ಅವನು ಮೊಳೆ ತಂದು ಡೊಂಕು ಗೂಟದ ಜಾಗದಲ್ಲಿ ಮೊಣಕಾಲೂರಿದ. ಅವಳು ಡೇರೆಯ ಆಚೆ ನಿಂತು ಹಗ್ಗ ಜಗ್ಗಿದಳು. ಅವಳ ಬೆನ್ನ ಹಿಂದೆ ಕೆಂಪು ಸೂರ್ಯ. ಅವಳ ನೆರಳು ಡೇರೆಯನ್ನು ದಾಟಿ, ಹುಲ್ಲಿನ ಮೇಲೆ ಹರಿದು, ಅವನ ಮೊಣಕಾಲ ಬಳಿ ಬಂದು ಮಲಗಿತ್ತು. ಅವನು ಅದನ್ನು ನೋಡಿದ. ಗೈಡಿನ ಕತೆಯೂ ನೆನಪಾಯಿತು. ನಗು ಬಂತು. ಸುತ್ತಿಗೆ ಎತ್ತಿ ಹೊಡೆದ.

ಒಂದೇ ಪೆಟ್ಟು. ಕಲ್ಲಿನ ನೆಲ ಮೊಳೆಯನ್ನು ನುಂಗಿತು. ಅಕ್ಕ “ಹಾ!” ಎಂದು ಎದೆ ಹಿಡಿದುಕೊಂಡಳು. ಸುಟ್ಟ ಕೂದಲಿನ ವಾಸನೆ ಬಂದು ಹೋಯಿತು.

“ಏನಾಯ್ತು?”

“ಏನೋ ಚುಚ್ಚಿದಂಗಾಯ್ತು. ಬಿಡು, ನೀರು ತರ್ತೀನಿ.”

ಅವಳು ಕೊಡ ಎತ್ತಿಕೊಂಡು ಇಳಿಜಾರಿನ ಕೆಳಗಿನ ತೊರೆಯ ಕಡೆ ಹೊರಟಳು. ಹೆಜ್ಜೆ ಹಾಕುತ್ತಿದ್ದಳು, ಹುಲ್ಲು ಸರಸರ ಸದ್ದು ಮಾಡುತ್ತಿತ್ತು, ಆದರೆ ಅವಳು ಡೇರೆಯ ಪಕ್ಕದಲ್ಲೇ ಇದ್ದಳು. “ಕಾಲು ಜೋಮು ಹಿಡಿದಿದೆ ಕಣೋ,” ಎಂದು ನಕ್ಕಳು. ಇನ್ನೂ ಜೋರಾಗಿ ನಡೆದಳು. ಬೆವತಳು. ಕೊಡ ಕೈಯಿಂದ ಜಾರಿ ಉರುಳಿ ಇಳಿಜಾರಿನಲ್ಲಿ ಹೋಯಿತು. ಅವಳು ಹೋಗಲಿಲ್ಲ.

ಸೂರ್ಯ ಮುಳುಗಿದ. ಕಲ್ಲು, ಹುಲ್ಲು, ಡೇರೆ, ಎಲ್ಲದರ ನೆರಳೂ ಕತ್ತಲಲ್ಲಿ ಕರಗಿತು. ಅವಳದು ಮಾತ್ರ ಕರಗಲಿಲ್ಲ. ಕತ್ತಲಿಗಿಂತ ಕಪ್ಪಾಗಿ, ಒದ್ದೆಯಾದ ಹಾಗೆ ಹೊಳೆಯುತ್ತ ನೆಲದ ಮೇಲೆ ಬಿದ್ದಿತ್ತು.

ಸರ್ವೇಯರ್ ಮೊಳೆಯನ್ನು ಎಳೆದ. ಇಕ್ಕಳ ಹಾಕಿ ಎಳೆದ. ಉಗುರು ಕಿತ್ತು ರಕ್ತ ಬಂತು. ಮೊಳೆ ಕದಲಲಿಲ್ಲ. ಅವನು ಊರಿನ ಕಡೆ ಓಡಿದ.

ಗೈಡಿನ ಮನೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಮುದುಕನ ಉಸಿರು ಮಾತ್ರ ಕೇಳುತ್ತಿತ್ತು.

“ಕಿತ್ರಾ ಸಾರ್?”

“ಅಜ್ಜ, ಬಾಗಿಲು ತೆಗೀರಿ. ನಮ್ಮಕ್ಕ—”

“ಕೈಗೆ ಸಲೀಸಾಗಿ ಬಂತಾ?”

“ಬಂತು.”

ಒಳಗೆ ಅಗುಳಿ ಬಿದ್ದ ಸದ್ದು ಕೇಳಿತು. “ಎಷ್ಟೋ ಜನ ಎಳೆದು ನೋಡಿದಾರೆ. ಬರಲ್ಲ. ಯಾರನ್ನೋ ಹೋಗೋಕೆ ಬಿಡಬಾರದು ಅಂತ ಒಳಗೊಳಗೇ ಹಟ ಹಿಡಿದಿರೋ ಕೈಗೆ ಮಾತ್ರ ಬರತ್ತೆ. ಮಾಟ ಮಾಡಿದೋನು ಹಾಗೇ ಕಟ್ಟಿಟ್ಟಿದಾನೆ.”

ಸರ್ವೇಯರ್ ತನ್ನ ಕೈ ನೋಡಿಕೊಂಡ. “ಈಗ ಬರ್ತಿಲ್ವಲ್ಲ?”

“ನಿಮ್ಮ ಕೈಗೆ ಇನ್ನು ಬರಲ್ಲ. ನಿಮಗೆ ಬೇಕಾದೋರು ಅಲ್ಲೇ ಇದಾರಲ್ಲ! ಇನ್ನೊಂದು ಕೈಗೆ ಬರಬೇಕು. ಆ ಕೈ ಇನ್ನೊಬ್ಬರ ನೆರಳಿಗೆ ಹೊಡೀಬೇಕು. ಬಿಸಿಲು ಬರೋತನಕ ಅದೂ ಆಗಲ್ಲ.”

“ಹಾಗೇ ಬಿಟ್ರೆ?”

“ನೆರಳು ದಪ್ಪ ಆಗ್ತಾ ಹೋಗತ್ತೆ. ಮನುಷ್ಯರು ತೆಳ್ಳಗಾಗ್ತಾ ಹೋಗ್ತಾರೆ.”

“ನೀವು ಬನ್ನಿ ಅಜ್ಜ, ನಿಮ್ಮ ಕಾಲು ಹಿಡ್ಕೋತೀನಿ.”

“ನಂಗೂ ಒಬ್ಬಳು ಮಗಳಿದಾಳೆ ಸಾರ್. ಅವಳೂ ಹೊರಟು ನಿಂತಿದಾಳೆ. ಆ ಮೊಳೆ ಹತ್ರ ಬಂದ್ರೆ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ.” ಒಳಗಿನಿಂದ ಇನ್ನೊಂದು ಅಗುಳಿ ಬಿದ್ದ ಸದ್ದು ಕೇಳಿತು.

ಅವನು ತಿರುಗಿ ಬಂದಾಗ ಅಕ್ಕ ಮೊಳೆಯ ಪಕ್ಕ ಕುಳಿತಿದ್ದಳು. ಅವಳಿಗೆ ಸುಳ್ಳು ಹೇಳಿ ಅವನು ಎಂದೂ ದಕ್ಕಿಸಿಕೊಂಡವನಲ್ಲ. ಮಡಿಲಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿದ. ಸಲೀಸಾಗಿ ಬಂದದ್ದನ್ನೂ ಹೇಳಿದ. ಅವನ ತಲೆ ಸವರುತ್ತಿದ್ದ ಕೈ ಆಗ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸವರತೊಡಗಿತು. ಕೈ ಮಂಜಿನಷ್ಟು ತಣ್ಣಗಿತ್ತು. ರಾತ್ರಿಯೆಲ್ಲ ಗೋಡೆಯ ಬುಡದಿಂದ ಉಳಿಯ ಸದ್ದು ಬರುತ್ತಿತ್ತು. ಟಕ್. ಟಕ್. ಕಲ್ಲು ಕೆತ್ತುವವರು ಯಾರೂ ಅಲ್ಲಿರಲಿಲ್ಲ.

ಬೆಳಗಾಯಿತು. ಕೋಟೆಗೋಡೆಯ ಮೇಲಿಂದ ಸೂರ್ಯ ಇಣುಕಿದಾಗ ಎಲ್ಲ ನೆರಳುಗಳೂ ಗುಡ್ಡದ ಕಡೆಗೆ ಬಿದ್ದವು. ಅಕ್ಕನ ನೆರಳು ಸೂರ್ಯನ ಕಡೆಗೇ ಚಾಚಿಕೊಂಡಿತ್ತು. ಊದಿಕೊಂಡಿತ್ತು. ಅಕ್ಕನ ಕೆನ್ನೆಯ ಮೂಲಕ ಹಿಂದಿನ ಹುಲ್ಲು ಮಸುಕಾಗಿ ಕಾಣುತ್ತಿತ್ತು. ಸರ್ವೇಯರ್ ಬಿಕ್ಕಿದ.

“ಅಕ್ಕಾ, ನೀನು ಎಳಿ. ನನ್ನ ನೆರಳಿಗೆ ಹೊಡಿ. ನಾನೇ ಮಾಡಿದ್ದು, ನಾನೇ ಇಲ್ಲಿರ್ತೀನಿ.”

ಹೇಳಿದ್ದು ನಿಜವಾಗಿಯೇ. ಆದರೆ ಅವಳು ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅವನಿಗೆ ನೋವಾಗುವ ಯಾವುದಕ್ಕೂ ಅವಳು ಒಪ್ಪಿರಲಿಲ್ಲ. ಅವಳು ಮೊಳೆಯ ತಲೆಗೆ ಬೆರಳಿಟ್ಟು ಎಳೆದಳು. ಬರಲಿಲ್ಲ. ಅವಳಿಗೆ ಅವನನ್ನು ಹಿಡಿದಿಡುವ ಆಸೆಯೇ ಇಲ್ಲದಿದ್ದರೆ ಬರುವುದಾದರೂ ಹೇಗೆ? ಅವನ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅಕ್ಕ ಬೆರಳು ತೆಗೆಯಲಿಲ್ಲ. ಹಾಗೇ ತಲೆಯೆತ್ತಿ ಕೇಳಿದಳು, “ಪುಟ್ಟ, ನಾನು ಬಿಡುಗಡೆಯಾದೆ ಅಂತಿಟ್ಕೋ. ಹಡಗು ಹತ್ತಿದೆ ಅಂತಿಟ್ಕೋ. ನೀನು ಏನು ಮಾಡ್ತೀಯ?”

ಅವನು ಕಣ್ಣೊರೆಸಿಕೊಂಡ. ಅವಳಿಗೆ ಧೈರ್ಯ ಹೇಳಬೇಕಿತ್ತು. ಪ್ರೀತಿಯಿಂದ, ಎದೆ ತುಂಬಿ ಹೇಳಿದ.

“ನಿನ್ನ ಹಿಂದೇನೇ ಬರ್ತೀನಿ ಅಕ್ಕ. ಕೆಲಸ ಬಿಟ್ಟು ಬರ್ತೀನಿ. ನೀನು ಎಲ್ಲಿಗೆ ಹೋದ್ರೂ ನಾನು ನಿನ್ನ ಬಿಡಲ್ಲ.”

ಅಕ್ಕ ಕಣ್ಣು ಮುಚ್ಚಿದಳು.

ಮೊಳೆ ಅವಳ ಕೈಗೆ ಬಂತು. ಸಲೀಸಾಗಿ ಬಂತು.

ನೆಲದ ಮೇಲಿನ ಕಪ್ಪು ಸರ್ರನೆ ತಿರುಗಿ ಅವಳ ಕಾಲ ಕೆಳಗೆ ಸೇರಿಕೊಂಡಿತು. ಅವಳ ಕೆನ್ನೆಗೆ ರಕ್ತ ಬಂತು. ಅವನು ನೋಡಿದ. ಅರ್ಥವಾಯಿತು. ತನ್ನನ್ನು ಹಿಂದೆ ಬರಗೊಡಬಾರದೆಂಬ ಹಟ ಈಗ ಆ ಕೈಯಲ್ಲಿತ್ತು. ಅವನ ಬೆನ್ನ ಹಿಂದೆ ಸೂರ್ಯ. ಅವನ ನೆರಳು ಅವಳ ಮಡಿಲಲ್ಲಿ ತಲೆಯಿಟ್ಟಿತ್ತು. ಸರಿಯಬೇಕು. ಪಕ್ಕಕ್ಕೆ ಸರಿಯಬೇಕು. ಅವಳ ಕೈಗೆ ಸುತ್ತಿಗೆ ಯಾವಾಗ ಬಂತು?

“ಅಕ್ಕಾ—”

“ಅಳಬೇಡ್ವೋ ಪುಟ್ಟ,” ಎಂದಳು. ಅಳುತ್ತಿದ್ದವಳು ಅವಳೇ. ಹೊಡೆದಳು.

ಎದೆಗೆ ಚುಚ್ಚಿತು. ಸುಟ್ಟ ಕೂದಲಿನ ವಾಸನೆ. ಅವನು ಓಡಿದ. ಹುಲ್ಲು ಸರಸರ ಎಂದಿತು. ಡೇರೆ ಪಕ್ಕದಲ್ಲೇ ಇತ್ತು. ಮತ್ತೆ ಓಡಿದ. ಡೇರೆ ಪಕ್ಕದಲ್ಲೇ ಇತ್ತು.

ಅಕ್ಕ ಅವಸರ ಮಾಡಲಿಲ್ಲ. ಕಂಬಳಿ ಕೊಡವಿ, ಮಡಿಸಿ, ಅವನ ಕೈಗೆ ಎಟುಕುವಂತೆ ಇಟ್ಟಳು. ಬ್ರೆಡ್ಡು, ಇದ್ದ ನೀರು, ಟೋಪಿ, ಎಲ್ಲವನ್ನೂ ಇಟ್ಟಳು. ಅವನ ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ ಚೀಲ ಹೆಗಲಿಗೇರಿಸಿದಳು.

ಹೊಸಿಲು ದಾಟುವಾಗ ಯಾರೇ ಆಗಲಿ ‘ಬರ್ತೀನಿ’ ಎನ್ನುತ್ತಾರೆ. ಮಾರ್ಕೆಟ್ಟಿಗೆ ಹೋದರೂ, ಊರು ಬಿಟ್ಟು ಹೋದರೂ ಹಾಗೇ ಎನ್ನುತ್ತಾರೆ. ಅವಳೂ ಇಷ್ಟು ವರ್ಷ ಹಾಗೇ ಹೇಳಿ ಹೋಗಿದ್ದಳು.

“ಹೋಗ್ತೀನಿ ಕಣೋ,” ಎಂದಳು ಅಕ್ಕ.

ಇಳಿಜಾರಿನಲ್ಲಿ ಅವಳು ಇಳಿದು ಹೋಗುವುದನ್ನು ಅವನು ನೋಡುತ್ತ ನಿಂತ. ಮೊದಮೊದಲು ಮೆಲ್ಲಗೆ ನಡೆಯುತ್ತಿದ್ದವಳು ಆಮೇಲೆ ಓಡತೊಡಗಿದಳು.