ಎರಡು ಲೈನ್, ಒಂದೇ ಪೈಪ್

ತಲೆಯ ಮೇಲೆ ಕಬ್ಬಿಣದ ಮುಚ್ಚಳ ಧಡಾರನೆ ಬಿತ್ತು.

ಕತ್ತಲು!

ರಸ್ತೆಯಡಿಯ ಕೇಬಲ್ ಗುಂಡಿಯಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ. ಮೇಲೆ ಯಾರೋ ನಕ್ಕರು.

"ಹನ್ನೆರಡರ ತನಕ ಅಲ್ಲೇ ಇರಪ್ಪ!"

ಹನ್ನೆರಡಕ್ಕೆ ನನ್ನಕ್ಕ ಕರಾರಿಗೆ ಸಹಿ ಹಾಕುವವಳಿದ್ದಳು. ಅವಳದು ಆಂಬುಲೆನ್ಸ್ ಕಂಟ್ರೋಲ್ ರೂಮ್. ಊರಿನ ಕರೆಗಳೆಲ್ಲ ಇಂಟರ್ನೆಟ್ ಮೇಲೆಯೇ ಬರುತ್ತವೆ. ಒಂದು ಲೈನ್ ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡನೇ ಕಂಪನಿ ಹುಡುಕುತ್ತಿದ್ದಳು. ಕಂಪನಿಗಳನ್ನು ಜಾಲಾಡುವುದು ನನ್ನ ಕಸುಬು. ಬ್ರೋಷರ್ ಓದುವುದಿಲ್ಲ ನಾನು... ಗುಂಡಿಗೇ ಇಳಿಯುತ್ತೇನೆ!

ಟಾರ್ಚ್ ಹಾಕಿದೆ. ಅಕ್ಕನ ಹಳೆಯ ಕಂಪನಿಯ ನೀಲಿ ಕೇಬಲ್. ಅದಕ್ಕಂಟಿಕೊಂಡೇ ಹೊಸ ಕಂಪನಿಯ ಹಳದಿ ಕೇಬಲ್. ಎರಡೂ ಒಂದೇ ಪೈಪಿನೊಳಗೆ! "ನಮ್ಮದು ಬೇರೆಯೇ ದಾರಿ ಮೇಡಂ" ಎಂದು ಅವರ ಸೇಲ್ಸ್‌ಮನ್ ಆಣೆ ಇಟ್ಟಿದ್ದ. ಅವನಿಗೆ ನಾನಿಟ್ಟ ಹೆಸರು ಟೈ.

ಭುಜ ಕೊಟ್ಟು ಮುಚ್ಚಳ ತಳ್ಳಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇನ್ನೊಮ್ಮೆ... ಮತ್ತೊಮ್ಮೆ... ಸರಿಯಿತು! ಮೇಲಿದ್ದ ದಾಂಡಿಗ ಕಾಲರಿಗೆ ಕೈ ಹಾಕಿದ. ಟಾರ್ಚಿನಿಂದ ಮೂಗಿಗೇ ಒಂದು ಬಿಟ್ಟೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಅಕ್ಕನ ಕೈಯಲ್ಲಿ ಪೆನ್ನಿತ್ತು.

"ಬೇಡಕ್ಕಾ! ಎರಡೂ ಒಂದೇ ಪೈಪು. ಒಂದೇ ಏಟಿಗೆ ಎರಡೂ ಹೋಗ್ತವೆ!"

"ಏನ್ರೀ ಇದು?" ಅಕ್ಕ ಎದುರಿಗೆ ಕೂತಿದ್ದ ಟೈ ಕಡೆ ತಿರುಗಿದಳು.

ಟೈ ಅವಸರವಿಲ್ಲದೆ ನಕ್ಕ.

"ಹಳೇ ಕಂಪನೀನೂ ನಮ್ಮದೇ ಮೇಡಂ. ಬೋರ್ಡ್ ಮಾತ್ರ ಬೇರೆ. ಸಹಿ ಹಾಕದಿದ್ರೆ ಏನಾಗುತ್ತೆ, ನೋಡ್ತೀರಾ?" ಮೊಬೈಲ್ ಕಿವಿಗಿಟ್ಟ. "ಐದು ನಿಮಿಷ ಇವರ ಲೈನ್ ತೆಗಿ."

ಕಂಟ್ರೋಲ್ ರೂಮಿನ ಆರು ಫೋನುಗಳೂ ಒಟ್ಟಿಗೇ ಸುಮ್ಮನಾದವು.

ಹೊರಗೆ ಯಾರು ಕರೆಯುತ್ತಿದ್ದಾರೋ... ಎಷ್ಟು ಜನವೋ...

ನನ್ನ ಮೊಬೈಲಿನಿಂದ ಮೂರನೇ ಕಂಪನಿಗೆ ಫೋನ್ ಹೊಡೆದೆ. ಸಣ್ಣದು. ನಿಧಾನ. ಆದರೆ ಅವರ ಲೈನ್ ಬರುವುದು ಕೇಬಲ್ಲಿಲ್ಲದೆ, ಗಾಳಿಯಲ್ಲಿ, ಛಾವಣಿಯ ಮೇಲಿನ ಡಿಶ್‌ಗೆ.

"ಪೈಪು ಗೀಪು ಏನೂ ಇಲ್ಲ ತಾನೆ? ಈಗಲೇ ಬನ್ನಿ!"

ಐದು ನಿಮಿಷಕ್ಕೆ ಲೈನ್ ಮರಳಿತು. ಒಂದು ಫೋನ್ ಅರಚಿತು. ಅಕ್ಕ ಎತ್ತಿಕೊಂಡಳು.

"ಅಮ್ಮನಿಗೆ ಉಸಿರಾಡೋಕಾಗ್ತಿಲ್ಲ! ಆಗಿಂದ ಹೊಡೀತಿದ್ದೀನಿ, ಎಲ್ಲಿ ಸತ್ತಿದ್ರಿ?"

ಅಕ್ಕ ವಿಳಾಸ ಕೇಳಿ ಗಾಡಿ ಹೊರಡಿಸಿದಳು. ಕರಾರುಪತ್ರ ಪರಪರ ಹರಿದಳು. ತನ್ನ ತಲೆಯ ಹೆಡ್‌ಸೆಟ್ ತೆಗೆದು ಟೈ ತಲೆಗೆ ಸಿಕ್ಕಿಸಿದಳು.

"ಅವರಿನ್ನೂ ಲೈನಲ್ಲೇ ಇದ್ದಾರೆ. ಎಲ್ಲಿ ಸತ್ತಿದ್ರಿ ಅಂತ ಕೇಳ್ತಿದ್ದಾರೆ. ಹೇಳಿ."

ಟೈ ಬಾಯಿ ತೆರೆದ. ಮಾತೇ ಹೊರಡಲಿಲ್ಲ...

ಲೈನ್ ಮಾತ್ರ ಚೆನ್ನಾಗಿಯೇ ಇತ್ತು!